ನೀರಿನ ಸಿಳ್ಳು

ಕ್ಷೌರದ ಕತ್ತಿ ಗಂಟಲ ಮೇಲಿದ್ದಾಗ ಮನುಷ್ಯ ಉತ್ತರ ಕೊಡಲಾರ ಅಂತ ಗೊತ್ತಿದ್ದೇ ಸುಂಕಪ್ಪ ಕೇಳಿದ: "ಜಡೆಪ್ಪಣ್ಣಾ, ಯಾವಾಗ ಬಿಡ್ತೀ?" ಏನು ಬಿಡುವುದು ಅಂತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕುರುಗೋಡಿನಲ್ಲಿ ಈಗ ಹುಟ್ಟಿದ ಕೂಸು ಬಾಯಿ ತೆರೆದರೂ ಮೊದಲು ಇದನ್ನೇ ಕೇಳೀತು ಅನ್ನಿಸಿ ಜಡೆಪ್ಪನಿಗೆ ಗದ್ದದ ನೊರೆಯ ಒಳಗೇ ಸಿಟ್ಟು ಕುದಿಯಿತು. ನಿನ್ನೆ ಬಾವಿಕಟ್ಟೆಯಲ್ಲಿ ತುಂಬಿದ ಕೊಡ ಹೊತ್ತ ಹೆಂಗಸೊಬ್ಬಳು ಕೊಡ ಇಳಿಸದೆ, ಆ ಭಾರದಲ್ಲೇ ನಿಂತು ಕೇಳಿದ್ದಳು. ಮೊನ್ನೆ ಸತ್ತವರ ಮನೆಯ ಮುಂದೆ, ಹೆಣ ಇನ್ನೂ ಎತ್ತಿರಲಿಲ್ಲ, ಪಕ್ಕದಲ್ಲಿ ಕೂತವನು ಅಳುವುದನ್ನು ನಿಲ್ಲಿಸಿ, ಮೂಗು ಒರೆಸಿಕೊಂಡು ಕೇಳಿದ್ದ. ಬಿಡು ಅಂತ ಯಾರೂ ಅನ್ನುವುದಿಲ್ಲ. ಬಿಡಬೇಡ ಅಂತಲೂ ಅನ್ನುವುದಿಲ್ಲ. ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸುವ ಹಾಗೆ, ಯಾವಾಗ ಅಂತ, ಅಷ್ಟೇ. ಸುಂಕಪ್ಪ ಕತ್ತಿಯ ಹಿಂಬದಿಯಿಂದ ಅವನ ಬಲತೋಳಿನ ಬೆಳ್ಳಿ ಕಡಗವನ್ನು ಟಣ್ ಅಂತ ತಟ್ಟಿ, "ಇದು ಇನ್ನ ಚರ್ಮದಾಗ ಬೆಳದು ಬಿಟ್ಟೈತಿ ನೋಡು, ಮರಕ್ಕ ಮೊಳಿ ಹೊಡದಂಗ" ಅಂತ ನಕ್ಕ.

ಅದು ಅವನು ಗೆದ್ದ ಕಡಗ. ಮೋಕದ ಹತ್ತಿರ ಹಗರಿ ಹೊಳೆಯ ಒಣ ಮರಳಿನಲ್ಲಿ ಉಗಾದಿ ಕಳೆದ ಮೇಲೆ ಬಂಡಿ ಓಟ ನಡೆಯುತ್ತದೆ. ಗೆದ್ದವನ ತೋಳಿಗೆ ಈ ಕಡಗ ಏರುತ್ತದೆ. ಮರುವರ್ಷ ಓಟಕ್ಕೆ ಮುಂಚೆ ಬಿಚ್ಚಿ ಮರಳಿನ ಮೇಲೆ ಇಡಬೇಕು. ಇನ್ನು ಓಡಿಸುವುದಿಲ್ಲ ಅನ್ನುವವನು ತನ್ನ ಕೈಯಾರೆ ಅದನ್ನು ಇನ್ನೊಬ್ಬನ ತೋಳಿಗೆ ಏರಿಸಬೇಕು. ಹಾಗೆ ಏರಿಸಿದವನು ಮತ್ತೆ ಓಟದ ಬಂಡಿ ಹತ್ತುವ ಹಾಗಿಲ್ಲ. ಜರ್ಮನಿ ಯುದ್ಧ ನಡೆದಿದ್ದಾಗ ಜಡೆಪ್ಪನ ತೋಳಿಗೆ ಬಂದದ್ದು ಅದು. ಯುದ್ಧ ಮುಗಿದು, ಬಿಳಿಯರು ಗಂಟು ಕಟ್ಟಿಕೊಂಡು ಹೋಗಿ, ಮೊನ್ನೆ ಚುನಾವಣೆಯೂ ಬಂದು ಹೋಯಿತು, ಕಡಗ ಮಾತ್ರ ಅಲ್ಲೇ ಇದೆ. ತೋಳು ದಪ್ಪವಾಗಿ ಬಿಚ್ಚಲಿಕ್ಕೇ ಬಾರದೆ, ಈಚಿನ ವರ್ಷಗಳಲ್ಲಿ ಪಂಚರು ಅದಕ್ಕೊಂದು ತೆಂಗಿನಕಾಯಿ ಮುಟ್ಟಿಸಿ "ಇಟ್ಟಂಗ ಆತು, ಬಿಡು" ಅನ್ನುತ್ತಿದ್ದರು. ಮುಟ್ಟಿಸುವಾಗ ಅವರಿಗೂ ನಗು, ಅವನಿಗೂ ನಗು. ಹೋದ ವರ್ಷದಿಂದ ಆ ನಗು ನೆನಪಾದರೆ ಜಡೆಪ್ಪ ಅಂಗೈಯಿಂದ ಕಡಗ ಮುಚ್ಚಿಕೊಳ್ಳುತ್ತಿದ್ದ.

ಮನೆಗೆ ಬಂದರೆ ದೊಡ್ಡಬಸಮ್ಮ ಏನೂ ಕೇಳಲಿಲ್ಲ. ಅವಳು ಕೇಳದೇ ಇರುವುದು ಊರೆಲ್ಲ ಕೇಳುವುದಕ್ಕಿಂತ ಕೆಟ್ಟದ್ದು. ಕಟ್ಟಿಕೊಂಡ ಹೆಂಡತಿ, ಒಂದು ಸಲ ಬಾಯಿ ಬಿಟ್ಟು ಇದ್ದದ್ದು ಇದ್ದ ಹಾಗೆ ಅಂದುಬಿಡಬಾರದೆ? ಹಿತ್ತಲಲ್ಲಿ ನೀರು ತುಂಬಿದ ಕಲ್ಲುದೋಣಿಯ ಮುಂದೆ ಎತ್ತುಗಳನ್ನು ತಂದು ನಿಲ್ಲಿಸಿ, ತುಟಿ ಮುಂದೆ ಮಾಡಿ, ಎಳೆದು ಎಳೆದು ಸಿಳ್ಳು ಹಾಕಿದ. ದನ ನೀರು ಕುಡಿಯಲಿ ಅಂತ ಸಿಳ್ಳು ಹಾಕದ ರೈತ ಯಾವ ಊರಲ್ಲೂ ಇಲ್ಲ. ಆದರೆ ಜಡೆಪ್ಪನ ಸಿಳ್ಳಿನ ಮಾತೇ ಬೇರೆ. ಅವನ ಹಟ್ಟಿಯಲ್ಲಿ ಹುಟ್ಟಿದ ಕರು ಹಾಲು ಬಿಡುವ ಮೊದಲೇ ಅದನ್ನು ಕಲಿಯಬೇಕು: ಎಲ್ಲಿದ್ದರೂ, ಎಷ್ಟು ಜೋರಾಗಿ ಓಡುತ್ತಿದ್ದರೂ, ಆ ಸಿಳ್ಳು ಕಿವಿಗೆ ಬಿತ್ತೋ, ಗಕ್ಕನೆ ನಿಂತು ತಲೆ ತಗ್ಗಿಸಬೇಕು. ಬಾರಕೋಲು ಮುಟ್ಟದೆ ಎತ್ತು ಪಳಗಿಸುವ ಜಡೆಪ್ಪ ಅಂತ ಹೆಸರು ಬಂದದ್ದು ಅದರಿಂದಲೇ. ಹಳೆಯ ಜೋಡಿ ಮುದಿಯಾದ ಮೇಲೆ ಹೋದ ವರ್ಷದ ಓಟಕ್ಕೆಂದು ಕೊಳಗಲ್ಲಿನಿಂದ ತಂದ ಈ ಜೋಡಿಗೆ ಮಾತ್ರ ಸಿಳ್ಳೂ ಒಂದೇ, ಗಾಳಿಯೂ ಒಂದೇ. ಬೆಳೆದ ಮೇಲೆ ತಂದವು. ಓಡು ಅಂದರೆ ಓಡುತ್ತವೆ, ಹಗ್ಗ ಹರಿಯುವ ಹಾಗೆ ಜಗ್ಗಿದರೆ ನಿಲ್ಲುತ್ತವೆ. ಈಗಲೂ ಒಂದು ಎತ್ತು ದೋಣಿಗೆ ಬಾಲ ತಿರುಗಿಸಿ ನಿಂತಿತ್ತು.

"ರಾತ್ರಿ ನಿದ್ದಿಗಣ್ಣಾಗ ಮತ್ತ ಸಿಳ್ಳು ಹಾಕಿದ್ರಿ" ಅಂದಳು ದೊಡ್ಡಬಸಮ್ಮ, ಸಗಣಿ ಬಳಿಯುತ್ತಾ.

"ನಿದ್ದಿಯೊಳಗೂ ನನ್ನ ಕಾಯ್ತೀಯೇನು ನೀನು?"

"ನಿಮ್ಮನ್ನ ಯಾರು ಕಾಯ್ತಾರ. ನನಗ ಎಚ್ಚರಾತು, ಹೇಳಿದೆ. ಬಳ್ಳಾರಿಂದ ಗವಿಸಿದ್ದಪ್ಪ ಸಾವುಕಾರ್ರು ಹೇಳಿ ಕಳಿಸ್ಯಾರ, ಇವತ್ತ ಬಂದು ಹೋಗು ಅಂತ. ಓಟ ಸೋಮವಾರ ಅಂತಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಗಾಳಿ ಇರಲಿಲ್ಲ, ಬರೀ ಧೂಳು. ಕರಿಮಣ್ಣು ಬಿಸಿಲಿಗೆ ಬಾಯಿ ಬಿಟ್ಟು ಮಲಗಿತ್ತು. ಸಾವುಕಾರ ಯಾಕೆ ಕರೆದಿದ್ದಾನೆ ಅಂತ ಗೊತ್ತಿತ್ತು. ಯಾವಾಗ ಅಂತ ಕೇಳಲಿಕ್ಕೆ, ಇನ್ನೇನು. ತನಗೇ ಗೊತ್ತಿಲ್ಲದ್ದನ್ನು ಜನ ತನ್ನ ಹತ್ತಿರವೇ ಕೇಳಿದರೆ? ಬಿಡಬಹುದಿತ್ತು. ಹೋದ ವರ್ಷವೇ ಬಿಡಬಹುದಿತ್ತು, ಆ ತಿರುವು ಒಂದು ಇಲ್ಲದಿದ್ದರೆ. ಮರಳಿನ ಆ ಕೊನೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಂಬ. ಅದನ್ನು ಸುತ್ತಿ ಹಿಂದಿರುಗಬೇಕು. ಮುಂದೆ ಇದ್ದದ್ದು ಚಂದ್ರಣ್ಣನ ಬಂಡಿ. ಚಂದ್ರಣ್ಣ ಅಂದರೆ ಬೇರೆ ಯಾರೂ ಅಲ್ಲ, ಸಿರುಗುಪ್ಪದ ಅಕ್ಕ ಹಂಪಕ್ಕನ ಮಗ, ತನ್ನ ಮಗಳು ಪಾರಮ್ಮನ ಗಂಡ. ಅವನ ಬಂಡಿಯ ಎಡಗಡೆಯ ಎತ್ತು ಕೆಂಚ, ತನ್ನ ಹಟ್ಟಿಯಲ್ಲೇ ಹುಟ್ಟಿ ಪಾರಮ್ಮನ ಮದುವೆಯಲ್ಲಿ ಬಳುವಳಿಯಾಗಿ ಹೋದದ್ದು. ತಿರುವಿನಲ್ಲಿ ತನ್ನ ಬಂಡಿಯ ಎಡಗಾಲಿ ಮರಳು ಬಿಟ್ಟು ಮೇಲೆದ್ದದ್ದು ನೆನಪಿದೆ. ಆಕಾಶ ಓರೆಯಾದದ್ದು ನೆನಪಿದೆ. ಆಮೇಲೆ ನೆನಪಿನ ಒಂದು ತುಂಡು ಹರಿದು ಹೋಗಿದೆ. ಆಮೇಲೆ ನೆನಪಿರುವುದು, ಕೆಂಚನ ಕೆಂಪು ಬೆನ್ನು ಇದ್ದಕ್ಕಿದ್ದ ಹಾಗೆ ಹತ್ತಿರ ಬಂದದ್ದು, ಪಕ್ಕಕ್ಕೆ ಬಂದದ್ದು, ಹಿಂದೆ ಉಳಿದದ್ದು. ಗೆದ್ದಿದ್ದ. ಜನ ಹೊತ್ತುಕೊಂಡು ಕುಣಿದರು. ಆ ಕುಣಿತದ ಮೇಲಿನಿಂದ ನೋಡಿದಾಗ ಚಂದ್ರಣ್ಣ ಬಂಡಿಯ ಮೇಲೇ ಕೂತು ತನ್ನತ್ತ ನೋಡಿ ನಗುತ್ತಿದ್ದ. ಸೋತವನ ನಗು ಅಲ್ಲ ಅದು. ಎದುರಿಗಿನ ತಟ್ಟೆಗೆ ತನ್ನ ಪಾಲಿನ ರೊಟ್ಟಿ ನೀಡಿ ಕೂತವನ ನಗು. ಮಾವನ ಮರ್ಯಾದೆ ಉಳಿಯಲಿ ಅಂತ ಹಗ್ಗ ಜಗ್ಗಿಬಿಟ್ಟನೆ? ಆವತ್ತಿನಿಂದ ಇವತ್ತಿನವರೆಗೆ ಜಡೆಪ್ಪ ಆ ನಗುವಿನ ಎದುರೇ ಕೂತಿದ್ದಾನೆ. ಭಿಕ್ಷೆ ಬಿದ್ದ ಗೆಲುವಿನ ಮೇಲೆ ನಿಂತು 'ಬಿಟ್ಟೆ' ಅನ್ನುವುದು ಹೇಗೆ? ಬಿಡದೆ ಓಡಿಸಿದರೆ ಅವನು ಮತ್ತೆ ಜಗ್ಗುವುದಿಲ್ಲ ಅಂತ ಏನು ಗ್ಯಾರಂಟಿ?

ಬ್ರೂಸ್‌ಪೇಟೆಯ ಹತ್ತಿ ಅಂಗಡಿಯಲ್ಲಿ ಗವಿಸಿದ್ದಪ್ಪ ಲೋಡಿಗೆ ಒರಗಿಕೊಂಡು ಮಂಡಕ್ಕಿ ಒಗ್ಗಾಣಿ ತಿನ್ನುತ್ತಿದ್ದ. ಹಗರಿ ಓಟದ ಪಂಚರಲ್ಲಿ ದೊಡ್ಡವನು ಅವನೇ. ಜಡೆಪ್ಪನನ್ನು ಕಂಡದ್ದೇ ಮೆಣಸಿನಕಾಯಿ ಬಜ್ಜಿಯನ್ನು ಎತ್ತಿ ಹಿಡಿದು, ಅದರಿಂದಲೇ ಪಕ್ಕದ ಜಾಗ ತೋರಿಸಿದ.

"ಬಾ ಬಾ ಹುಲೀ. ಕೂಡು. ಒಂದು ಮಾತು ನೇರ ಹೇಳಿಬಿಡ್ತೀನಿ. ಈ ಸಲ ಗೆಲ್ಲು. ಗೆದ್ದು, ಅಲ್ಲೇ ಮರಳಿನ ಮ್ಯಾಲೆ ಕಡಗ ಬಿಚ್ಚಿ ಚಂದ್ರಣ್ಣನ ಕೈಗೆ ಹಾಕು. ನಾವು ಶಾಲು ಹೊದಿಸ್ತೀವಿ. ಪೋಟೋ ತಗ್ಯಾವನಿಗೂ ಹೇಳೀನಿ. ಮಾವ, ಅಳಿಯ, ನಡುವ ನಾನು."

"ಗೆಲ್ಲೋದು ನನ್ನ ಕೈಯಾಗ ಐತೇನ್ರಿ, ಸಾವುಕಾರ್ರಾ?"

"ಏ, ನಿನ್ನ ಯಾರು ಸೋಲಿಸ್ತಾರಲೇ! ಅದರ ಚಿಂತಿ ನೀ ಮಾಡಬ್ಯಾಡ. ಎಲ್ಲಾರೂ ನಮ್ಮವರ ಅದಾರ. ನಾವು ನೋಡ್ಕೊಂತೀವಿ."

"ನೋಡ್ಕೊಳೋದು ಅಂದ್ರ?"

"ಅಂದ್ರ... ನೋಡ್ಕೊಳೋದು. ತಿನ್ನು, ಆರತೈತಿ."

ಜಡೆಪ್ಪ ತಿಂದ. ತಿನ್ನಬಾರದಿತ್ತು. ಆ ಒಗ್ಗಾಣಿ ಗಂಟಲಲ್ಲಿ ಇಳಿಯುವಾಗ, ಇವರೆಲ್ಲ ಸೇರಿ ತನ್ನನ್ನು ಎಷ್ಟು ವರ್ಷದಿಂದ 'ನೋಡಿಕೊಳ್ಳುತ್ತಾ' ಬಂದಿದ್ದಾರೋ ಅನ್ನಿಸಿ, ತಟ್ಟೆ ದೂರ ತಳ್ಳಿದ. ಹೋದ ವರ್ಷ ಒಂದೇ ಅಲ್ಲದಿದ್ದರೆ? ಅದಕ್ಕೂ ಹಿಂದಿನ ವರ್ಷ? ಕೂತಲ್ಲಿಂದ ಎದ್ದ. "ಶಾಲು ಯಾವ ಬಣ್ಣ ಅಂತ ಕೇಳಲೇ ಇಲ್ಲಲ್ಲೋ!" ಅಂತ ಗವಿಸಿದ್ದಪ್ಪ ಹಿಂದಿನಿಂದ ಕೂಗಿದ. ಬಳ್ಳಾರಿಯ ಗುಡ್ಡದ ಬಂಡೆಗಳು ಬಿಸಿಲಿನಲ್ಲಿ ಕಾದ ಹಂಚಿನ ಹಾಗೆ ಇದ್ದವು. ಕುರುಗೋಡಿನ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದ. ಅಳಿಯನ ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡಬೇಕು. ಜಗ್ಗಿದೆ ಅಂದರೆ ಅಲ್ಲೇ, ಇವತ್ತೇ ಬಿಡುವುದು. ಜಗ್ಗಲಿಲ್ಲ ಅಂದರೆ ಇನ್ನೂ ಹತ್ತು ವರ್ಷ ಓಡಿಸುವುದು, ಯಾವಾಗ ಯಾವಾಗ ಅಂತ ಕೇಳುವ ಬಾಯಿಗಳೆಲ್ಲ ಬಿದ್ದು ಹೋಗುವವರೆಗೆ.

ಬಸ್ಸಿನಲ್ಲಿ ಬಳ್ಳಾರಿ ಸೇರುವುದು ಮೈಸೂರಿಗೋ ಆಂಧ್ರಕ್ಕೋ ಅಂತ ಜಗಳ ನಡೆದಿತ್ತು. ಒಬ್ಬ ತೆಲುಗಿನಲ್ಲಿ ಬೈದರೆ ಇನ್ನೊಬ್ಬ ಕನ್ನಡದಲ್ಲಿ ಬೈಯುತ್ತಿದ್ದ, ಇಬ್ಬರಿಗೂ ಎರಡೂ ಚೆನ್ನಾಗಿ ಅರ್ಥವಾಗುತ್ತಿತ್ತು. ಡ್ರೈವರ್ ಹಿಂದೆ ತಿರುಗಿ ತನ್ನದೂ ಒಂದು ಮಾತು ಸೇರಿಸುತ್ತಾ ಓಡಿಸುತ್ತಿದ್ದ. ಹಳ್ಳದ ಇಳಿಜಾರಿನಲ್ಲಿ ಎದುರಿಗೆ ಹತ್ತಿಯ ಬಂಡಿ ಬಂದು, ಬಸ್ಸು ಪಕ್ಕಕ್ಕೆ ವಾಲಿ, ಒಂದು ಕ್ಷಣ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಜಗಳ ನಿಂತಿತು. ಬಸ್ಸು ನೆಟ್ಟಗಾದ ಮೇಲೆ ಪಕ್ಕದ ಮುದುಕಿ, ಮಡಿಲಿನ ಕೋಳಿಯನ್ನು ಸರಿಯಾಗಿ ಅವುಚಿಕೊಂಡು, ಜಡೆಪ್ಪನನ್ನು ವಿಚಿತ್ರವಾಗಿ ನೋಡಿದಳು.

"ಇದೇನೋ ಯಪ್ಪಾ, ಎಲ್ಲಾರೂ ಶಿವ ಶಿವ ಅಂದ್ರ ನೀ ಸಿಳ್ಳು ಹಾಕ್ತೀ? ಬಸ್ಸಿಗೆ ನೀರು ಕುಡಸ್ತೀಯೇನು?"

ಸುತ್ತಲಿನವರು ನಕ್ಕರು. ಸಿಳ್ಳೆ? ತಾನೆ? ಜಡೆಪ್ಪ ತುಟಿ ಮುಟ್ಟಿಕೊಂಡ. ಮುಂದಕ್ಕೆ ಚಾಚಿಯೇ ಇದ್ದವು. ಒಳಕ್ಕೆ ಎಳೆದುಕೊಂಡು, "ಇಲ್ಲವ್ವಾ, ಹಲ್ಲಾಗ ಏನೋ ಸಿಕ್ಕಿತ್ತು" ಅಂದ. ಮುದುಕಿಗಿಂತ ಹೆಚ್ಚಾಗಿ ಕೋಳಿ ತನ್ನನ್ನು ನಂಬದೆ ನೋಡುತ್ತಿದೆ ಅನ್ನಿಸಿತು. ಕಿಟಕಿಯ ಹೊರಗೆ ಮುಖ ಹಾಕಿದ. ಏನೋ ಒಂದು ಹತ್ತಿರ ಬಂದಿತ್ತು, ನಾಲಿಗೆಯ ತುದಿಯವರೆಗೆ. ಬೇಡ ಅಂತ ಅದನ್ನು ಹಿಂದಕ್ಕೆ ತಳ್ಳಿ, ಚಂದ್ರಣ್ಣನ ಮೇಲಿನ ಸಿಟ್ಟನ್ನೇ ಮತ್ತೆ ಊದಿ ಹೊತ್ತಿಸಿಕೊಂಡ. ಅದು ಗೊತ್ತಿದ್ದ ಸಿಟ್ಟು, ಒಂದು ವರ್ಷದಿಂದ ಜೊತೆಗಿದ್ದದ್ದು.

ಸಿರುಗುಪ್ಪದಲ್ಲಿ ಹಂಪಕ್ಕ ಕಟ್ಟೆಯ ಮೇಲೆ ಕೂತು ಸೆಣಬು ಹೊಸೆಯುತ್ತಿದ್ದಳು. ತಮ್ಮನನ್ನು ನೋಡಿ ಏಳಲಿಲ್ಲ. "ಬಂದ ನೋಡವ್ವಾ ನಿಮ್ಮಪ್ಪ, ಕಡಗದ ಗಂಡು" ಅಂತ ಒಳಗೆ ಕೂಗಿ ಹೇಳಿದಳು. ಪಾರಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನೀರು ಕೊಟ್ಟು, ಒಲೆಯ ಮೇಲೆ ರೊಟ್ಟಿ ಸುಟ್ಟೀತೆಂದು ಮತ್ತೆ ಒಳಗೆ ಓಡಿದಳು. ಹಿತ್ತಲಿನಲ್ಲಿ ಕೆಂಚ ಮೆಲುಕು ಹಾಕುತ್ತಿತ್ತು. ತಲೆ ಆಡಿಸಿದಾಗೆಲ್ಲ ಅದರ ಕೊರಳ ಗಂಟೆ ಟಿಣ್ಣ ಟಿಣ್ಣ ಅನ್ನುವುದು ಮನೆಯ ತುಂಬ ಕೇಳುತ್ತಿತ್ತು. ಚಂದ್ರಣ್ಣ ಕಾಲು ತೊಳೆದು ಬಂದು ಮಾವನ ಎದುರು ಕೂತ. ಅದೇ ನಗು. ಅದನ್ನು ನೋಡಿದ್ದೇ ಜಡೆಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಿಹೋಯಿತು.

"ಲೇ ಚಂದ್ರಾ, ಹೋದ ವರ್ಷ ಹಗ್ಗ ಯಾಕ ಜಗ್ಗಿದಿ?"

"ಯಾರು?"

"ನೀ. ಕಂಬದ ಹತ್ರ. ನನ್ನ ಮರ್ಯಾದಿ ಕಾಯಾಕ ನೀ ಯಾರಲೇ? ನಾ ಬೇಡಿದ್ನಾ?"

ಚಂದ್ರಣ್ಣ ತಾಯಿಯ ಮುಖ ನೋಡಿದ. ತಾಯಿ ಸೆಣಬನ್ನು ಕೆಳಗಿಟ್ಟಳು.

"ಹೇಳೋ" ಅಂದಳು. "ಒಂದು ವರ್ಷ ಆತು ಹಲ್ಲು ಕಚ್ಕೊಂಡು. ಅವನ ಬಂದು ಕೆದಕ್ಯಾನ, ಹೇಳು."

"ನಾ ಜಗ್ಗಲಿಲ್ಲ ಮಾವ" ಅಂದ ಚಂದ್ರಣ್ಣ. "ನೀ ಸಿಳ್ಳು ಹಾಕಿದಿ."

"ಏನು?"

"ಸಿಳ್ಳು, ಮಾವ. ನೀರಿನ ಸಿಳ್ಳು. ನಾನೂ ನಿನ್ನ ಮನ್ಯಾಗ ಬೆಳದಾವ, ಆ ಸಿಳ್ಳು ನನಗ ಗೊತ್ತಾಗಂಗಿಲ್ಲೇನು? ಕೆಂಚ ಗಕ್ಕನ ನಿಂತು ಮರಳಿಗೆ ಮೂತಿ ಹಚ್ಚಿತು. ನಾ ನೊಗದ ಮ್ಯಾಲೆ ಬೀಳೋದೊಂದು ಉಳದಿತ್ತು. ಮೊದಲು ಸಿಟ್ಟು ಬಂತು, ಸುಳ್ಳು ಯಾಕ ಹೇಳ್ಲಿ. ಆಮ್ಯಾಲೆ ನಗು ಬಂತು. ಏನು ಗಂಡಪ್ಪಾ ನಮ್ಮ ಮಾವ, ಎತ್ತು ಬಳುವಳಿ ಕೊಟ್ಟು ಅದರ ಕಿವಿಯ ಕೀಲಿ ತನ್ನ ಹತ್ರನ ಇಟ್ಕೊಂಡಾನಲ್ಲ ಅಂತ!"

"ಮೋಸ ಮೋಸನ" ಅಂದಳು ಹಂಪಕ್ಕ. "ಹೊರಗ ಹೇಳಿದ್ರ ಯಾರ ಮುಖಕ್ಕ ಮಸಿ? ತಮ್ಮಾನೂ ನೀನ, ಬೀಗಾನೂ ನೀನ. ಸುಮ್ಮನಾದೆ. ಆದ್ರ ನಿನ್ನ ಬುದ್ಧಿಗೆ ಕೈ ಮುಗೀಬೇಕಪ್ಪಾ."

"ಈ ಸಲ ಹಾಕಿ ನೋಡು ಮಾವ" ಅಂತ ಚಂದ್ರಣ್ಣ ಜೋರಾಗಿ ನಕ್ಕ. "ಅರಳೆ ತಂದಿಟ್ಟೀನಿ. ಕೆಂಚನ ಎರಡೂ ಕಿವಿಗೆ ಇಷ್ಟಿಷ್ಟು ತುರುಕತೀನಿ."

ಇಲ್ಲ, ಸುಳ್ಳು, ನಾನು ಹಾಕಲಿಲ್ಲ ಅನ್ನಬೇಕು ಅನ್ನುವಷ್ಟರಲ್ಲಿ ಜಡೆಪ್ಪನಿಗೆ ತನ್ನ ತುಟಿಗಳು ತಾವಾಗಿಯೇ ಮುಂದೆ ಬಂದದ್ದು ತಿಳಿಯಿತು. ಹರಿದು ಹೋಗಿದ್ದ ಆ ತುಂಡು, ಬಸ್ಸಿನಲ್ಲಿ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗಿದ್ದು, ಈಗ ಎದುರಿಗೇ ಬಂದು ಕೂತಿತು. ಗಾಲಿ ಎದ್ದಿತ್ತು. ಆಕಾಶ ಓರೆಯಾಗಿತ್ತು. ಕೆಳಗೆ ಮರಳು ಬಹಳ ಹತ್ತಿರ, ಬಹಳ ಬಿಳಿ. ಅದರಲ್ಲಿ ಒಂದು ಒಡೆದ ಕಪ್ಪೆಚಿಪ್ಪು ಕೂಡ ಕಂಡಿತ್ತು. ಸಾಕು, ನಿಲ್ಲಿ, ಸಾಕು ಅಂತ ಮೈಯೆಲ್ಲ ಅಂದಿತ್ತು. ಎಷ್ಟೋ ವರ್ಷದಿಂದ ಓಡು ಅಂತ ಮಾತ್ರ ಕೂಗಿದ್ದ ಬಾಯಿ ಆಗ ತನ್ನ ಎತ್ತುಗಳಿಗೆ ನಿಲ್ಲಿ ಅಂದಿತ್ತು. ಕೊಳಗಲ್ಲಿನ ಎತ್ತುಗಳು ಕೇಳಲಿಲ್ಲ, ಅವಕ್ಕೆ ಆ ಭಾಷೆ ಬಾರದು. ಮುಂದಿದ್ದ ಕೆಂಚ ಕೇಳಿತು. ಹೆದರಿದವನು ನಿಲ್ಲಲಾಗದೆ ಮುಂದೆ ಹೋದ, ಹೆದರದವನು ನಿಂತ. ಅದಕ್ಕೆ ಕುಣಿತ, ಅದಕ್ಕೆ ತೆಂಗಿನಕಾಯಿ, ಅದಕ್ಕೆ ಶಾಲು.

ಸುಮ್ಮನಿರಬಹುದಿತ್ತು. ಎದುರಿನ ಇಬ್ಬರೂ ಅವನ ಮೋಸವನ್ನು ಹೆಚ್ಚುಕಡಿಮೆ ಮೆಚ್ಚಿಕೊಂಡೇ ಕೂತಿದ್ದರು. ಮೀಸೆ ತಿರುವಿ 'ಹೆಂಗ?' ಅಂದರೆ ಸಾಕು, ಊರಲ್ಲಿ ಇನ್ನೂ ನಾಲ್ಕು ಕಾಲ ಕತೆ ಹೇಳಿ ನಗುತ್ತಾರೆ: ಎಂಥಾ ಕಿಲಾಡಿ ಮುದುಕ. ಕಿಲಾಡಿಯಾಗಿ ಸಾಯಬಹುದು. ಅವನಿಗೆ ಆ ಆಸೆ ನಿಜವಾಗಿಯೂ ಬಂತು, ಎಷ್ಟು ಬಂತೆಂದರೆ ಕೈ ಮೀಸೆಯವರೆಗೆ ಹೋಯಿತು.

"ನಿಮ್ಮ ಎತ್ತಿಗೆ ಹಾಕಲಿಲ್ಲೋ" ಅಂದ, ಕೈ ಇಳಿಸಿ. "ನನ್ನ ಎತ್ತು ನಿಂದ್ರಲಿ ಅಂತ ಹಾಕಿದ್ದು. ನನಗ... ಹೆದರಿಕಿ ಬಂದಿತ್ತು."

ಚಂದ್ರಣ್ಣ ತೊಡೆ ತಟ್ಟಿಕೊಂಡು ನಕ್ಕ. ಹಂಪಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನಿನಗ? ಹೆದರಿಕಿ? ಕೇಳಬೇ ಯವ್ವಾ, ಮಾವ ಇನ್ನೊಂದು ತಗದ!"

"ಸಣ್ಣಾಂವ ಇದ್ದಾಗ ಹಾವಿನ ಬಾಲ ಹಿಡದು ತಿರುವಿದಾಂವ ನೀನು. ಯಾರ ಮುಂದ ಹೇಳ್ತೀಲೇ? ನಾ ಎತ್ತಿ ಆಡಿಸೀನಿ ನಿನ್ನ."

"ಅಕ್ಕಾ, ಖರೇ ಹೇಳಾಕತ್ತೀನಿ—"

"ಹೇಳಪ್ಪಾ, ಹೇಳು. ಸೋಮವಾರದ ತನಕ ಇಂಥಾವು ಇನ್ನ ಎಷ್ಟು ಹೇಳ್ತೀಯೋ."

ಇದಕ್ಕೆ ಏನು ಮಾಡುವುದು? ಒಂದು ವರ್ಷ ನಿಜ ಯಾರೂ ಹೇಳುತ್ತಿಲ್ಲ ಅಂತ ಒದ್ದಾಡಿದ್ದ. ಈಗ ತಾನೇ ಹೇಳಿದರೆ ಕೇಳುವವರಿಲ್ಲ. ಎದ್ದು ಕಂಬಕ್ಕೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಗ ರೊಟ್ಟಿ ಬಡಿಯುವ ಸದ್ದು ನಿಂತಿರುವುದು ಗಮನಕ್ಕೆ ಬಂತು. ಪಾರಮ್ಮ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೆ ಜೋಳದ ಹಿಟ್ಟು.

"ಅಪ್ಪಾ" ಅಂದಳು, "ನಾ ಸಣ್ಣಾಕಿ ಇದ್ದಾಗ ಹಳ್ಳ ಬಂದಿತ್ತಲ್ಲ, ನನ್ನ ಹೆಗಲ ಮ್ಯಾಲೆ ಹೊತ್ತು ದಾಟಿಸಿದಿ. ಆವತ್ತ ಹಾಕಿದ್ದೀ ನೋಡು, ಇಡೀ ಹಳ್ಳ ದಾಟೋ ತನಕ. ಅದ ಸಿಳ್ಳಾ?"

ನೀರು ಎದೆಯವರೆಗೆ ಇತ್ತು ಆವತ್ತು. ಅವಳ ಪುಟ್ಟ ಕಾಲು ಎರಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ. ಸಿಳ್ಳು ಹಾಕಿದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಅದ" ಅಂದ ಜಡೆಪ್ಪ.

ಪಾರಮ್ಮ ಒಳಗೆ ಹೋಗಿ ಕೈ ತೊಳೆದು, ಕುಸುಬಿ ಎಣ್ಣೆಯ ಬಟ್ಟಲು ತಂದು ಅಪ್ಪನ ಪಕ್ಕ ಕೂತಳು. ತೋಳು ಎಳೆದುಕೊಂಡು ಕಡಗದ ಸುತ್ತ ಎಣ್ಣೆ ಸುರಿದು ತಿಕ್ಕತೊಡಗಿದಳು. ನಗುತ್ತಿದ್ದವರ ನಗು ಒಬ್ಬರಾದ ಮೇಲೊಬ್ಬರದು ನಿಂತಿತು.

"ಏ, ಏನು ಮಾಡ್ತೀ ಇದು?" ಅಂದ ಚಂದ್ರಣ್ಣ. "ಮಾವ, ಹಿಂಗಲ್ಲ. ನಾ ಮರಳಿನ ಮ್ಯಾಲೆ, ಎದುರಾಬದುರು ಗೆದ್ದು ತಗೊಂತೀನಿ. ಅರಳೆ ಸೈತ ತಂದೀನಿ."

"ಗೆದ್ದಿಯಲ್ಲೋ ಹೋದ ವರ್ಷನ! ಗೆದ್ದಾವನಿಗೆ ಗೆದ್ದೀ ಅಂತ ನಾನ ಬಂದು ಹೇಳಬೇಕೇನು? ಒಡ್ಡು ಕೈ."

"ಸಾವುಕಾರ್ರು ಪೋಟೋ—"

"ಕೈ ಒಡ್ಡಲೇ!"

ಹಂಪಕ್ಕ ಮೊದಲ ಸಲ ತಮ್ಮನ ಮುಖವನ್ನು ಸರಿಯಾಗಿ ನೋಡಿದಳು. ಸೆಣಬಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಚಂದ್ರಣ್ಣ ಸಣ್ಣ ಮಕ್ಕಳ ಹಾಗೆ ಕೈ ಮುಂದೆ ಮಾಡಿದ. ಕಡಗ ಅಲುಗಲೊಲ್ಲದು. ಪಾರಮ್ಮ ಮೊಣಕಾಲನ್ನು ಅಪ್ಪನ ಪಕ್ಕೆಗೆ ಊರಿ, ತಿರುವಿ ತಿರುವಿ ಎಳೆದಳು. ಬೆಳ್ಳಿಯ ಅಡಿಯಲ್ಲಿ ಬಿಸಿಲು ಕಾಣದ ಚರ್ಮ, ಬೆಳ್ಳಗೆ, ಎಳೆಯ ಮಗುವಿನದರ ಹಾಗೆ, ಸ್ವಲ್ಪ ಸ್ವಲ್ಪವೇ ಹೊರಗೆ ಬಂತು. "ತಡಿಯಪ್ಪಾ, ಆತು, ಇನ್ನೊಂದು ಈಟ" ಅನ್ನುತ್ತಾ ಮೊಣಕೈಯ ಎಲುಬಿನ ಮೇಲೆ ಒಮ್ಮೆ ಜೋರಾಗಿ ಜಗ್ಗಿದಳು. ಜಡೆಪ್ಪ ಕಣ್ಣು ಮುಚ್ಚಿದ. ತುಟಿಗಳು ಮುಂದೆ ಬಂದವು. ಈ ಸಲ ಅವನಿಗೆ ಕೇಳಿಸಿತು, ಎಳೆದು ಎಳೆದು ಬರುವ ಸಣ್ಣ ಸಿಳ್ಳು, ತನ್ನದೇ.

ಹಿತ್ತಲಿನಲ್ಲಿ ಕೆಂಚನ ಗಂಟೆ ನಿಂತಿತು.